ಮೂರು ಕೆಜಿ ಜಾಗ

ನಿನ್ನ ಸೋದರತ್ತೆ ಫೋನು ಮಾಡಿದ್ದರು, ರೊವೀನಾ.
ಸೂಟ್‌ಕೇಸಿನಲ್ಲಿ ಮೂರೇ ಮೂರು ಕೆಜಿ ಜಾಗವಿದೆಯಂತೆ.
ಎಣ್ಣೆ ಸೋರಬಾರದು, ವಾಸನೆ ಬರಬಾರದು,
ಶನಿವಾರ ಸಂಜೆಯೊಳಗೆ ಲಿಂಗರಾಜಪುರಕ್ಕೆ ಮುಟ್ಟಿಸಬೇಕು.
ವಾಸನೆಯಿಲ್ಲದ್ದನ್ನು ನೀನು ಯಾವತ್ತು ತಿಂದಿದ್ದೀ
ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಈ ವಾರ ನನಗೆ ಎರಡನೇ ಪಾಳಿ.
ಟಿಕೆಟ್ ಮಿಷನ್ನಿನ ರೋಲು ಮುಗಿಯುವಾಗ ಉಳಿಯುತ್ತದಲ್ಲ,
ಕೆಂಪು ಗೀಟಿನ ಗೇಣುದ್ದ ಕಾಗದ,
ಅದರ ಮೇಲೆ ಪಟ್ಟಿ ಬರೆಯುತ್ತೇನೆ, ಹೊಡೆದು ಹಾಕುತ್ತೇನೆ.
ಹುರಿಗಡಲೆ ಹೊಡೆದು ಹಾಕಿದೆ:
ರೋಮಿನಲ್ಲೂ ಕಡಲೆ ಹುರಿಯುತ್ತಾರೆಂದು ನೀನೇ ಹೇಳಿದ್ದೆ.
ಕಾಫಿಪುಡಿಯನ್ನೂ ಹೊಡೆದು, ಮತ್ತೆ ಬರೆದೆ.
ಆ ಊರಿಗೇ ಕಾಫಿ ಹೊರಿಸುವುದು ನಗೆಪಾಟಲು, ನಿಜ.
ಆದರೆ ಅವರದು ಬರೀ ಸತ್ಯ,
ನಮ್ಮದರಲ್ಲಿ ಚಿಕೋರಿಯ ಚೂರು ಸುಳ್ಳಿದೆ,
ಆ ಸುಳ್ಳೇ ನಿನಗಿಷ್ಟ.
ಎಂಬತ್ತಿಪ್ಪತ್ತು ತಾನೇ ಮೇಡಂ, ಅಂದ ಮಲ್ಲೇಶ್ವರದವನು.
ಅರವತ್ತು ನಲವತ್ತು, ಅಂದೆ.
ಯೂನಿಫಾರ್ಮನ್ನು ಮೇಲಿಂದ ಕೆಳಗೆ ನೋಡಿ ಗಿರಣಿ ತಿರುಗಿಸಿದ.

ಇಂದಿರಾನಗರದಲ್ಲಿ ಹೊಸದೊಂದು ಅಂಗಡಿ.
ರಾಗಿಗೆ ಚಿನ್ನದ ಕಾಗದದ ಅಂಗಿ ತೊಡಿಸಿದ್ದಾರೆ.
ಕೈಯಲ್ಲೇ ತೂಗಿ ನೋಡಿದೆ, ರಾಗಿಗಿಂತ ಅಂಗಿಯೇ ಭಾರ.
ಮಗಳ ಒತ್ತಾಯಕ್ಕೆ, ಬ್ಯಾಡಗಿ ಮೆಣಸಿನಕಾಯಿ ಬೆರೆಸಿದ
ಚಾಕೊಲೇಟ್ ಒಂದು ತಗೊಂಡೆ,
ಅಷ್ಟು ದೂರದಿಂದ ನೀನು ಬೈಯಲಿ ಎಂದು.

ಹುರಿಹಿಟ್ಟು ನಂದಗುಡಿಯ ಚಿಕ್ಕಮ್ಮನದು.
ರಾಗಿ ಅರಳಿ ಪಟಪಟ ಸಿಡಿಯುವಾಗ
ಒಲೆಯ ಮುಂದೆ ನಾನೇ ಕೂತಿದ್ದೆ, ರೆಪ್ಪೆಯೆಲ್ಲ ಬೂದಿ.
ಚಕ್ಕೋತದ ಸಿಪ್ಪೆ ಸಕ್ಕರೆಯಲ್ಲಿ ಬೇಯಿಸಿ ಒಣಗಿಸಿದ್ದು
ಪಕ್ಕದ ಮನೆಯ ಕೌಸರಕ್ಕ.
ಮರ ದೇವನಹಳ್ಳಿಯಲ್ಲಿ, ಅವರ ತವರಿನ ಹಿತ್ತಲಲ್ಲಿ.
ತೊಳೆಗಂತೂ ಹಣೆಬರಹವಿಲ್ಲ,
ಸಿಪ್ಪೆಯಾದರೂ ವಿಮಾನ ಹತ್ತಲಿ, ಅಂದರು.

ಕಳಿಸಲಾಗದ್ದೊಂದಿದೆ, ಅದನ್ನು ಪಟ್ಟಿಯಲ್ಲಿ ಬರೆಯಲೇ ಇಲ್ಲ.
ರಾತ್ರಿಯ ಕೊನೆ ಟ್ರಿಪ್ಪು, ಕೆ.ಆರ್. ಮಾರ್ಕೆಟ್ ಬಿಟ್ಟರೆ ಸಾಕು,
ಹೆಂಗಸರ ಸೀಟಿನಲ್ಲಿ ಮಡಿಲ ತುಂಬ ಅವರೆಕಾಯಿ,
ಮಾತಿಗೊಂದು ಕಾಯಿ, ಸ್ಟಾಪಿಗೊಂದು ಹಿಡಿ ಕಾಳು.
ಸಿಪ್ಪೆ ಕೆಳಗೆ ಹಾಕಬೇಡ್ರಮ್ಮಾ ಎಂದು ರೇಗುವವಳು ನಾನೇ,
ಮೂಗರಳಿಸಿ ನಿಲ್ಲುವವಳೂ ನಾನೇ.
ಇಡೀ ಬಸ್ಸಿಗೆ ಸೊಗಡು,
ಟಿಕೆಟ್ಟಿಗೂ ಸೊಗಡು, ಚಿಲ್ಲರೆಗೂ ಸೊಗಡು.

ಡಿಪೋದಲ್ಲಿ ಮೊದಲ ಸಲ ನನ್ನ ಬುತ್ತಿಗೆ ಕೈ ಹಾಕಿ
ಮುದ್ದೆಯನ್ನು ಬ್ರೆಡ್ಡಿನಂತೆ ಅಗಿದಿದ್ದೆಯಲ್ಲ ನೀನು!
ಅಗಿಯಬೇಡ, ನುಂಗು, ಅಂದೆ.
ಹಿತಕವರೆ ಸಾರಿನಲ್ಲಿ ಅದ್ದಿ ನುಂಗಿ, ಕಣ್ಣು ಮುಚ್ಚಿ,
ಇಂಗು ಜಾಸ್ತಿಯಾಯ್ತು ಅಂದೆ ನೀನು.
ಆಗಿತ್ತು. ನನ್ನ ಅತ್ತೆಗೂ ಗೊತ್ತಾಗಿರಲಿಲ್ಲ ಅದು.
ಈಗ ಯಾರ ಸಾರಿಗೆ ಏನು ಹೆಚ್ಚೆಂದು ಹೇಳುತ್ತೀಯೋ,
ಅಲ್ಲಿನ ಮುದುಕರಿಗೆ ಅಡುಗೆ ಮಾಡುತ್ತ.

ತರಕಾರಿ ಗಾಡಿಯ ಮುನಿಯಲ್ಲಪ್ಪನ ತಕ್ಕಡಿಯಲ್ಲಿ ತೂಗಿಸಿದೆ.
ಮೂರು ಕೆಜಿ ಇನ್ನೂರು ಗ್ರಾಂ.
ಒಂದಿಷ್ಟು ಹುರಿಹಿಟ್ಟು ತೆಗೆದೆ, ಮನಸ್ಸಿಲ್ಲದೆ.
ಚಾಕೊಲೇಟನ್ನು ಅಲ್ಲೇ ನಿಂತು ಇಬ್ಬರೂ ತಿಂದೆವು.
ಖಾರವೂ ಅಲ್ಲ ಸಿಹಿಯೂ ಅಲ್ಲ, ಅಂದ ಅವನು.
ಹೊದಿಕೆ ಮಾತ್ರ ಕಳಿಸುತ್ತಿದ್ದೇನೆ, ಬೈಯುವುದಿದ್ದರೆ ಬೈಯಿ.

ಜಾಗ ಮಾಡಿ, ಕೊನೆಗೆ ಕರಿದ ಹಿತಕಿದ ಬೇಳೆ ಒಂದು ಹಿಡಿ.
ಎಣ್ಣೆಗೆ ಬಿದ್ದ ಮೇಲೆ ಸೊಗಡು ಉಳಿಯುವುದಿಲ್ಲ, ಬಲ್ಲೆ.
ವಾಸನೆ ಬರಬಾರದು ಅಂದಿದ್ದರು ನಿನ್ನತ್ತೆ.
ಸಂಜೆಯೆಲ್ಲ ಅವರೆ ಸುಲಿದು,
ಕೈ ತೊಳೆಯದೆ ಗಂಟು ಕಟ್ಟಿದ್ದೇನೆ.

ಇನ್ನೊಂದು ಮಾತು.
ಬೇಳೆ ಹಾಕಿದ ಸಣ್ಣ ಸ್ಟೀಲ್ ಡಬ್ಬಿ ನನ್ನದು,
ತಳದಲ್ಲಿ ಹೆಸರು ಕೊರೆಸಿದೆ, ನೋಡು.
ವಾಪಸ್ ಬರಬೇಕು.
ಖಾಲಿ ಬರಬಾರದು.